ಫೋಟೋ ಬೇಡ ಎಂದಿದ್ದ ಟ್ರಸ್ಟಿಗಳು

ಆ ಫೋಟೋವನ್ನು ನಾನು ಮೊದಲು ನೋಡಿದ್ದು ಹೋಟೆಲಿನ ಲಿಫ್ಟಿನೊಳಗೆ. ಮಂಗಳವಾರ ಬೆಳಿಗ್ಗೆ, ಟ್ರಸ್ಟಿಗಳ ಸಭೆಯ ಎರಡನೇ ದಿನ. ಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ಮುಖ್ಯೋಪಾಧ್ಯಾಯಿನಿ ತಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದು, "ಇದನ್ನು ತೆಗೆದವರು ಯಾರು?" ಎಂದರು.

ಅದರಲ್ಲಿದ್ದದ್ದು ಎರಡೇ ಮುಖ. ಒಂದು ಅವರದು, ಇನ್ನೊಂದು ಇಸ್ರೇಲ್ ಕಡೆಯ ಟ್ರಸ್ಟಿ ಕರ್ನಲ್‌ರದು. ಕರ್ನಲ್ ಇವರ ಕಿವಿಯ ಬಳಿಗೆ ಬಾಗಿದ್ದಾರೆ, ಇವರು ನಗುತ್ತಿದ್ದಾರೆ. ಹಿಂದೆ ಹಳದಿ ಬಟ್ಟೆ. ಕೆಳಗಿದ್ದ ಎರಡು ಸಾಲು ಅರಬ್ಬಿಯನ್ನು ಅವರೇ ಓದಿ ಇಂಗ್ಲಿಷಿನಲ್ಲಿ ಹೇಳಿದರು. ಭಾನುವಾರ ರಾತ್ರಿ ಗುಟ್ಟಿನ ಹೋಟೆಲೊಂದರಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿ ಇಸ್ರೇಲಿನ ಕರ್ನಲ್‌ನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ ಎಂದು ಅದರ ಅರ್ಥ. ಪ್ಯಾಲೆಸ್ಟೀನಿನ ಅವರ ಊರಿನಲ್ಲಿ ಮಕ್ಕಳ ತಂದೆತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗಾಗುವಷ್ಟರಲ್ಲಿ ಅದು ಎಲ್ಲರ ಕೈಗೂ ಸಿಕ್ಕಿತ್ತು. ಶಾಲೆಯ ಆಡಳಿತ ಸಮಿತಿಯವರು ಆಗಲೇ ಫೋನ್ ಮಾಡಿ, ನೀವು ವಾಪಸ್ಸು ಬಂದ ಮೇಲೆ ಶಾಲೆಗೆ ಬರುವ ಮುಂಚೆ ನಮ್ಮನ್ನು ಕಾಣಿ ಎಂದಿದ್ದರು.

"ನಾನು ಆ ಶಾಲೆ ಬಿಟ್ಟು ಬೇರೆ ಎಲ್ಲೂ ಕೆಲಸ ಮಾಡಿದವಳಲ್ಲ," ಎಂದರು ಅವರು. ಲಿಫ್ಟು ನಿಂತಿತು. ನನಗೆ ಹೊರಗೆ ಕಾಲಿಡುವುದೇ ಬೇಡವಾಗಿತ್ತು.

ನಮ್ಮದು ನೈರೋಬಿಯಲ್ಲಿ ನೋಂದಾಯಿಸಿದ ಒಂದು ಸಣ್ಣ ಟ್ರಸ್ಟ್. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿನ ಶಾಲಾ ಶಿಕ್ಷಕರನ್ನು ವರ್ಷಕ್ಕೊಮ್ಮೆ ಇಲ್ಲಿಗೆ ಕರೆಸಿ, ಎರಡು ವಾರ ಒಂದೇ ಸೂರಿನಡಿ ಇಟ್ಟು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವಂತೆ ಮಾಡುವುದು ಅದರ ಕೆಲಸ. ಅವರವರ ನೆಲದಲ್ಲಿ ಭೇಟಿಯಾಗಲು ಅವರಿಗೆ ಸಾಧ್ಯವಿರಲಿಲ್ಲ. ನೈರೋಬಿಗೆ ಎರಡೂ ಕಡೆಯವರು ಬರಬಹುದು, ಬಂದರೆ ಅವರನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಟ್ರಸ್ಟಿಗಳು ಐವರು. ಆ ಕಡೆಯ ಇಬ್ಬರು, ಈ ಕಡೆಯ ಇಬ್ಬರು, ನಡುವೆ ಅಧ್ಯಕ್ಷರಾಗಿ ಕೀನ್ಯಾದ ಒಬ್ಬ ನಿವೃತ್ತ ನ್ಯಾಯಾಧೀಶರು. ಹಿರಿಯರೆಂದು ಅವರನ್ನು ಎಲ್ಲರೂ ಮ್ಜೀ ಎನ್ನುತ್ತಿದ್ದರು. ನಾನು ಟ್ರಸ್ಟಿನ ಕಾರ್ಯದರ್ಶಿ.

ಟ್ರಸ್ಟಿನ ಮೊದಲ ನಿಯಮವೇ ಫೋಟೋ ಕೂಡದು ಎಂಬುದು. ಮುಖ್ಯೋಪಾಧ್ಯಾಯಿನಿ ಸೇನೆಯಲ್ಲಿದ್ದವನ ಪಕ್ಕ ಕೂತರೆ ಅವರ ಊರಿನಲ್ಲಿ ಶತ್ರುವಿನ ಜೊತೆ ಶಾಮೀಲು. ಕರ್ನಲ್ ಇವರ ಪಕ್ಕ ಕೂತರೆ ಅವರ ಓಣಿಯಲ್ಲಿ ದ್ರೋಹಿ. ಅದೂ ಗಾಜಾದಲ್ಲಿ ಯುದ್ಧ ನಡೆದ ವರ್ಷ. ಹಾಗಾಗಿ ನಾನು ಹೋಟೆಲನ್ನು ಶಿಕ್ಷಣ ಕಾರ್ಯಾಗಾರ ಎಂದಷ್ಟೇ ಹೇಳಿ ಕಾಯ್ದಿರಿಸುತ್ತಿದ್ದೆ. ಲಾಬಿಯ ಫಲಕದಲ್ಲಿ ನಮ್ಮ ಹೆಸರು ಹಾಕಿಸುತ್ತಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಬೇರೆ ಬೇರೆ ಗಾಡಿ ಕಳಿಸುತ್ತಿದ್ದೆ. ನಡಾವಳಿಯಲ್ಲಿ ಯಾರ ಹೆಸರೂ ಬರೆಯದೆ 'ಒಬ್ಬ ಸದಸ್ಯರು' ಎಂದೇ ಬರೆಯುತ್ತಿದ್ದೆ. ಇಷ್ಟು ಮಾಡುವುದಕ್ಕೆ ನನಗೆ ಯಾರೂ ತರಬೇತಿ ಕೊಡಬೇಕಾಗಿರಲಿಲ್ಲ. ಮೈಸೂರಿನ ಮಾರುಕಟ್ಟೆಯಲ್ಲಿ ನನ್ನ ಅಮ್ಮ ತಕ್ಕಡಿಯ ತಟ್ಟೆಯ ಕೆಳಗೂ ಕೈಯಾಡಿಸಿ ನೋಡುತ್ತಿದ್ದಳು. ಆ ಗುಣ ನನಗೆ ಬಳುವಳಿಯಾಗಿ ಬಂದಿದೆ.

ಸಭೆ ಶುರುವಾಯಿತು, ಆದರೆ ಕಾರ್ಯಸೂಚಿಯ ಮೊದಲ ವಿಷಯಕ್ಕೇ ಯಾರೂ ಬರಲಿಲ್ಲ. ಮ್ಜೀ ಫೋನನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, "ಪೋಲೆ ಸಾನಾ, ಮಾಮಾ," ಎಂದು ಮುಖ್ಯೋಪಾಧ್ಯಾಯಿನಿಗೆ ಸಮಾಧಾನ ಹೇಳಿದರು. ಪ್ಯಾಲೆಸ್ಟೀನ್ ಕಡೆಯ ಇನ್ನೊಬ್ಬ ಟ್ರಸ್ಟಿ, ಔಷಧಿ ಅಂಗಡಿ ಇಟ್ಟುಕೊಂಡವರು, ಫೋಟೋವನ್ನು ಬಹಳ ಹೊತ್ತು ನೋಡಿ ಕರ್ನಲ್ ಕಡೆ ತಿರುಗಿದರು.

"ಇದರಿಂದ ಯಾರಿಗೆ ಲಾಭ, ನೀವೇ ಹೇಳಿ."

"ನನ್ನ ಮುಖವೂ ಅದರಲ್ಲಿದೆ," ಎಂದರು ಕರ್ನಲ್.

"ನಿಮ್ಮ ಮುಖಕ್ಕೆ ಏನಾಗುತ್ತದೆ? ನೀವು ನಿವೃತ್ತರು. ಅವರಿಗೆ ನಾಳೆ ಕೆಲಸ ಇಲ್ಲ."

ಕರ್ನಲ್ ಜೇಬು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ನನ್ನ ತಲೆಗೆ ಬಂದದ್ದು ಆಗಲೇ. ಅವರ ಹತ್ತಿರ ಎರಡು ಫೋನಿದ್ದವು. ಒಂದು ಮೇಜಿನ ಮೇಲೆ, ಇನ್ನೊಂದು ಆ ಜೇಬಿನಲ್ಲಿ. ಚಹಾದ ಬಿಡುವಿನಲ್ಲಿ ಅವರು ಎರಡನೆಯದನ್ನು ಹಿಡಿದು ಹೋಟೆಲಿನ ತೋಟಕ್ಕೆ ಹೋಗಿ, ಜಕರಾಂಡ ಮರದ ಕೆಳಗೆ ಬೆನ್ನು ತಿರುಗಿಸಿ ಮಾತಾಡುತ್ತಿದ್ದುದನ್ನು ನಾನು ಹಿಂದಿನ ದಿನವೂ ನೋಡಿದ್ದೆ.

ಇನ್ನೊಂದು ಕಷ್ಟವಿತ್ತು. ಪ್ರತಿ ಕಡೆಯಿಂದ ಇಬ್ಬರೂ ಒಪ್ಪದೆ ಯಾವ ನಿರ್ಣಯವೂ ಆಗಕೂಡದು ಎಂದು ಟ್ರಸ್ಟಿನ ಪತ್ರದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ, "ಇದನ್ನು ಯಾರು ಮಾಡಿದರು ಎಂದು ಗೊತ್ತಾಗದೆ ನಾನು ಯಾವುದಕ್ಕೂ ಕೈ ಎತ್ತುವುದಿಲ್ಲ," ಎಂದರು. ಅಂದರೆ ಮುಂದಿನ ತಂಡದ ಶಿಕ್ಷಕರು ಬರುವಂತಿಲ್ಲ. ಅವರು ಹಟಕ್ಕೆ ಹೇಳಿದ್ದಲ್ಲ. ಗುರುವಾರ ಊರಿಗೆ ಮರಳಿ ಸಮಿತಿಯ ಮುಂದೆ ನಿಂತಾಗ ಅವರ ಕೈಯಲ್ಲಿ ಒಂದು ಉತ್ತರ ಬೇಕಿತ್ತು. ಬುಧವಾರ ಸಂಜೆಗೆ ಸಭೆ ಮುಗಿಯುತ್ತಿತ್ತು.

ಪತ್ತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳದಿ ಬಟ್ಟೆ ಎಂದರೆ ಹೋಟೆಲಿನ ಊಟದ ಕೋಣೆಯ ಪರದೆ ಎಂದು ಎಲ್ಲರೂ ಒಪ್ಪಿಯಾಗಿತ್ತು. ಭಾನುವಾರ ರಾತ್ರಿ ಅಲ್ಲಿ ಊಟ ಮಾಡಿದ್ದೆವು, ಇಬ್ಬರೂ ಅಕ್ಕಪಕ್ಕ ಕೂತಿದ್ದರು, ಅದೇ ಬಟ್ಟೆ ತೊಟ್ಟಿದ್ದರು. ನಾನು ಮ್ಯಾನೇಜರನ್ನು ಕಾಡಿಬೇಡಿ ಆ ರಾತ್ರಿಯ ಕ್ಯಾಮೆರಾ ದೃಶ್ಯ ತೋರಿಸುವಂತೆ ಮಾಡಿದೆ. ಮಾಣಿಗಳು ಬಂದರು, ಹೋದರು. ಯಾರೂ ಫೋನ್ ಎತ್ತಲಿಲ್ಲ. ಆದರೆ ಒಂದು ಕಂಬ ಮೇಜಿನ ಎಡಮೂಲೆಯನ್ನು ಮರೆಮಾಡಿತ್ತು. ಆ ಮೂಲೆಯಲ್ಲಿ ಕೂತಿದ್ದವರು ಔಷಧಿ ಅಂಗಡಿಯವರು! ಈಗ ಅವರ ಮೇಲೂ ಸಂಶಯ. ಕರ್ನಲ್‌ರನ್ನು ಅಷ್ಟು ಜೋರಾಗಿ ಬೈದದ್ದು ತಮ್ಮ ಮೇಲಿನ ಗಮನ ತಪ್ಪಿಸುವುದಕ್ಕಿರಬಹುದೇ? ಇಸ್ರೇಲಿನ ಇನ್ನೊಬ್ಬ ಟ್ರಸ್ಟಿ, ಮೃದು ಮಾತಿನ ವೈದ್ಯೆ, ಬೇಗ ಊಟ ಮುಗಿಸಿ ಎದ್ದುಹೋಗಿದ್ದೇಕೆ? ಮಾಣಿಗಳಲ್ಲಿ ಒಬ್ಬ ನಾನು ಕಂಡಾಗಲೆಲ್ಲ ಅಷ್ಟು ಅಗಲವಾಗಿ "ಸವಾ, ಮಾಮಾ?" ಎಂದು ಕ್ಷೇಮ ಕೇಳಿ ನಗುವುದೇಕೆ? ಕಡೆಗೆ ಮ್ಜೀಯವರ ಚಾಲಕನನ್ನೂ ಬಿಡಲಿಲ್ಲ.

ನನ್ನ ಮೇಲೂ ಸಂಶಯವಿತ್ತು. ಅದು ಗೊತ್ತಾದದ್ದು ಸಂಜೆ, ನಾನು ಕೋಣೆಗೆ ಬಂದ ಕೂಡಲೇ ವೈದ್ಯೆಯೂ ಔಷಧಿ ಅಂಗಡಿಯವರೂ ಮಾತು ನಿಲ್ಲಿಸಿದಾಗ. ಬೆಳಿಗ್ಗೆಯಿಂದ ಮುಖ ನೋಡಿಕೊಳ್ಳದವರು ನನ್ನ ವಿಷಯದಲ್ಲಿ ಒಂದಾಗಿದ್ದರು. ನನಗೆ ಉರಿದುಹೋಯಿತು.

ಬುಧವಾರ ಬೆಳಿಗ್ಗೆ ವೆಸ್ಟ್‌ಲ್ಯಾಂಡ್ಸ್‌ನ ವೃತ್ತದಲ್ಲಿ ಟ್ರಾಫಿಕ್ ಕದಲದೆ ನಿಂತಿತ್ತು. ಪಕ್ಕದ ಮಟಾಟು ಬಸ್ಸಿನ ಸಂಗೀತಕ್ಕೆ ನನ್ನ ಟ್ಯಾಕ್ಸಿಯ ಗಾಜು ಅದುರುತ್ತಿತ್ತು. ಮಾಡಲು ಬೇರೇನಿಲ್ಲದೆ ನನ್ನ ಫೋನಿಗೆ ಕಳಿಸಿಕೊಂಡಿದ್ದ ಆ ಫೋಟೋವನ್ನು ಮತ್ತೆ ತೆರೆದು, ಬೆರಳಿನಿಂದ ಹಿಗ್ಗಿಸಿ ನೋಡಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ. ಮುಖ್ಯೋಪಾಧ್ಯಾಯಿನಿಯ ಕನ್ನಡಕದ ಗಾಜಿನಲ್ಲಿ ಒಂದು ಕಿಟಕಿಯ ಪ್ರತಿಬಿಂಬವಿತ್ತು. ಕಿಟಕಿಯ ತುಂಬ ಬಿಳಿ ಬೆಳಕು. ಹೋಟೆಲಿನ ಊಟದ ಕೋಣೆಯಲ್ಲಿ ರಾತ್ರಿ ಪರದೆ ಎಳೆದಿರುತ್ತದೆ, ಉರಿಯುವುದು ಹಳದಿ ದೀಪ. ಹಾಗಾದರೆ ಇದು ರಾತ್ರಿಯದಲ್ಲ, ಹಗಲಿನದು.

ಭಾನುವಾರ ಹಗಲು ನಾವಿದ್ದದ್ದು ಒಂದೇ ಕಡೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟದಲ್ಲಿ.

ಪ್ರತಿ ವರ್ಷ ಹೋಟೆಲಿನ ಸಪ್ಪೆ ಊಟ ತಿಂದು ಬೇಸತ್ತಿದ್ದ ಮ್ಜೀ, ಬಾಳೆಎಲೆ ಊಟದ ಆಸೆ ಹತ್ತಿಸಿಕೊಂಡು ಎಲ್ಲರನ್ನೂ ಹೊರಡಿಸಿದ್ದರು. ಅಲ್ಲಿಯೂ ನಾನು ಕಟ್ಟೆಚ್ಚರ ಮಾಡಿದ್ದೆ. ಇವರು ಶಿಕ್ಷಣದ ಕೆಲಸದವರು, ಯಾರೂ ಫೋಟೋ ತೆಗೆಯಬಾರದು, ಸನ್ಮಾನ ಗಿನ್ಮಾನ ಏನೂ ಬೇಡ ಎಂದು ಸಂಘದ ಕಾರ್ಯದರ್ಶಿಗೆ ಮೂರು ಸಲ ಹೇಳಿದ್ದೆ. ಹಾಸನದ ಕಡೆಯವರು, ಇಲ್ಲಿ ಒಂದು ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಪರೋಪಕಾರಿ ಮನುಷ್ಯ. ಬಾಗಿಲಲ್ಲಿ ದೊಡ್ಡ ಹರಿವಾಣ ಹಿಡಿದು ನಿಂತು, ಒಳಗೆ ಬಂದವರ ಫೋನನ್ನೆಲ್ಲ ತಾವೇ ಇಸಿದುಕೊಂಡಿದ್ದರು. ಅದನ್ನು ಕಣ್ಣಾರೆ ನೋಡಿದ್ದರಿಂದ ಆ ಊಟ ನನ್ನ ಸಂಶಯದ ಪಟ್ಟಿಯಲ್ಲೇ ಇರಲಿಲ್ಲ. ಸಭಾಂಗಣದ ಗೋಡೆಗೆ ಕಟ್ಟಿದ್ದ ಹಳದಿ ಕೆಂಪು ಬಟ್ಟೆ ಈಗ ನೆನಪಾಯಿತು. ಫೋಟೋದಲ್ಲಿ ಕೆಂಪು ಕತ್ತರಿಸಿ ಹೋಗಿತ್ತು.

ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಹೋಟೆಲ್ ತಲುಪಿ, ಕಾವಲಿನವರು ಚೀಲ ತಡಕಿ ಬಿಟ್ಟ ಮೇಲೆ ಲಾಬಿಗೆ ಕಾಲಿಟ್ಟರೆ ಅಲ್ಲೇ ಸೋಫಾದ ಮೇಲೆ ಕೂತಿದ್ದಾರೆ ಪುಣ್ಯಾತ್ಮ! ಇಸ್ತ್ರಿ ಮಾಡಿದ ಬಿಳಿ ಷರ್ಟು. ಪಕ್ಕದಲ್ಲಿ ಹಣ್ಣಿನ ಬುಟ್ಟಿ, ನಾಲ್ಕೈದು ಶಾಲು, ಗಂಧದ ಹಾರ. ತೊಡೆಯ ಮೇಲೆ ಮಿರುಗುವ ಕಾಗದ ಸುತ್ತಿದ ಚೌಕಟ್ಟು.

"ಅಕ್ಕಾ, ಸರ್ಪ್ರೈಸ್!" ಎಂದು ಎದ್ದರು. "ಸನ್ಮಾನ ಬೇಡ ಅಂದ್ರಿ, ಸ್ಟೇಜ್ ಮೇಲೆ ಮಾಡ್ಲಿಲ್ಲ. ಆದ್ರೆ ಅಂಥ ದೊಡ್ಡೋರು ನಮ್ಮಲ್ಲಿ ಊಟ ಮಾಡಿ ಬರಿಗೈಲಿ ಹೋಗೋದಾ? ಅದಕ್ಕೇ ಒಂದು ಸ್ಮರಣಿಕೆ ಮಾಡಿಸ್ದೆ."

"ಅದ್ರಲ್ಲಿ ಏನಿದೆ?"

"ಅವರದೇ ಫೋಟೋ. ಏನ್ ಚೆನ್ನಾಗಿ ಬಂದಿದೆ ಅಂತೀರಾ!"

"ಫೋಟೋ ತೆಗೀಬಾರ್ದು ಅಂತ ಹೇಳಿರ್ಲಿಲ್ವೇನ್ರೀ ನಾನು?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೇಳಿದ್ರಿ. ಅದಕ್ಕೇ ಎಲ್ಲರ ಫೋನೂ ಇಸ್ಕೊಂಡ್ನಲ್ಲ. ಜನ ತೆಗೀಬಾರ್ದು, ಸರಿ. ಇದು ಸಂಘದ ಕ್ಯಾಮೆರಾ ಅಕ್ಕಾ, ದಾಖಲೆಗೆ ಅಂತ. ಬಡಿಸೋರ ಹಿಂದೆ ನಿಂತು ದೂರದಿಂದ ತೆಗೆದೆ, ಅವರಿಗೆ ಮುಜುಗರ ಆಗಬಾರ್ದು ಅಂತ. ಫೇಸ್‌ಬುಕ್ಕಿನ ನಮ್ಮ ಸಂಘದ ಪೇಜಲ್ಲೂ ಹಾಕಿದೀನಿ. 'ನಮ್ಮ ಎಲೆ ಊಟಕ್ಕೆ ಇಸ್ರೇಲು, ಪ್ಯಾಲೆಸ್ಟೀನು' ಅಂತ. ಎಷ್ಟು ಲೈಕು ಬಂತು ಗೊತ್ತಾ?"

ದೇಶ ಯಾವುದೆಂದು ಅವರಿಗೆ ನಾನು ಹೇಳಿರಲಿಲ್ಲ. ಊಟಕ್ಕೆ ಕೂತ ಮ್ಜೀ ಹೋಟೆಲಿನ ಹೆಸರನ್ನೂ ಸೇರಿಸಿ ಹೇಳಿದ್ದರಂತೆ. ಒಬ್ಬರು ಕರ್ನಲ್ ಎಂಬುದನ್ನೂ ಇವರು ಪೇಜಲ್ಲಿ ಬರೆದಿದ್ದರು. ನಿಯಮ ಜನರಿಗೆ, ಕಮಿಟಿಗೆ ಅಲ್ಲ. ನಮ್ಮ ಊರುಗಳ ಯಾವ ಸಂಘದಲ್ಲಿ ಇದು ಹೀಗಲ್ಲ? ಹಿಂದಿನ ದಿನ ಇಡೀ ಹೋಟೆಲನ್ನು ಜಾಲಾಡಿದ ನಾನು ನಮ್ಮವರೊಬ್ಬರನ್ನು ಮಾತ್ರ ಬಿಟ್ಟಿದ್ದೆ.

ಆಗ ನನ್ನ ಮುಂದೆ ಎರಡು ದಾರಿಯಿದ್ದವು. ಇವರನ್ನು ಇಲ್ಲಿಂದಲೇ ಸಾಗಹಾಕಿ, ಫೇಸ್‌ಬುಕ್ಕಿನಿಂದ ಅದನ್ನು ತೆಗೆಸಿ, ಮೇಲೆ ಹೋಗಿ 'ಪತ್ತೆಯಾಗಲಿಲ್ಲ' ಎನ್ನಬಹುದು. ಸಂಘದ ಮಾನ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಕರ್ನಲ್ ಮೇಲಿನ ಸಂಶಯವೂ ಹಾಗೇ ಉಳಿಯುತ್ತದೆ, ಮುಖ್ಯೋಪಾಧ್ಯಾಯಿನಿ ಬರಿಗೈಯಲ್ಲಿ ಸಮಿತಿಯ ಮುಂದೆ ನಿಲ್ಲುತ್ತಾರೆ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಲಿಫ್ಟಿನ ಗುಂಡಿ ಒತ್ತುವವರೆಗೂ ನಾನು ಯಾವುದನ್ನು ಆರಿಸಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಶಾಲು, ಹಾರ ಇಲ್ಲೇ ಬಿಡಿ," ಎಂದೆ. "ಆ ಫ್ರೇಮ್ ತಗೊಂಡು ನನ್ನ ಜೊತೆ ಬನ್ನಿ."

ಮೇಲೆ ಐವರೂ ಕೂತಿದ್ದರು. ಇವರು ಯಾರು, ಏನು ಮಾಡಿದ್ದಾರೆ ಎಂದು ನಾನೇ ನಾಲ್ಕು ಮಾತಿನಲ್ಲಿ ಹೇಳಿದೆ. ಸಂಘದ ಕಾರ್ಯದರ್ಶಿಯ ಮುಖದ ನಗು ಇಳಿಯಿತು. ಮುಖ್ಯೋಪಾಧ್ಯಾಯಿನಿ ಎದ್ದು ಬಂದು ಚೌಕಟ್ಟನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ಬಿಚ್ಚಿದರು.

ಅದೇ ಫೋಟೋ, ಪೂರ್ತಿಯಾಗಿ. ಸಾಲು ಎಲೆಗಳು. ಹಳದಿ ಕೆಂಪು ಬಟ್ಟೆ. ಇಡೀ ಪಂಕ್ತಿಯಲ್ಲಿ ನಮ್ಮ ಸಂಸಾರಗಳು, ಮಕ್ಕಳು, ಸೌಟು ಹಿಡಿದು ಬಾಗಿದ ಒಬ್ಬ ಹೆಂಗಸು. ಬಾಯಿ ತುಂಬ ಒಬ್ಬಟ್ಟು ತುಂಬಿಕೊಂಡ ಮ್ಜೀ. ನಡುವೆ ಕರ್ನಲ್. ಅವರ ಬೆರಳಲ್ಲಿ ಅರ್ಧ ಕಚ್ಚಿದ ಬಾಳಕದ ಮೆಣಸಿನಕಾಯಿ. ಕೆನ್ನೆಯ ಮೇಲೆ, ಫೋನಿನಲ್ಲಿ ಬೆವರೆಂದು ಕಂಡಿದ್ದ ಕಣ್ಣೀರು. ಅವರು ಬಾಗಿದ್ದು ಕಿವಿಯ ಕಡೆಗಲ್ಲ, ಮುಖ್ಯೋಪಾಧ್ಯಾಯಿನಿ ನಗುತ್ತಾ ಮುಂದೆ ಹಿಡಿದಿದ್ದ ಮಜ್ಜಿಗೆಯ ಲೋಟದ ಕಡೆಗೆ. ಕತ್ತರಿಸಿದವರು ಲೋಟವನ್ನು ಬಿಟ್ಟು ಕತ್ತರಿಸಿದ್ದರು.

ಔಷಧಿ ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಕರ್ನಲ್ ಕಡೆ ನೋಡಿ ಏನೋ ಹೇಳಲು ಹೋಗಿ, ನೀರಿನ ಬಾಟಲಿಯನ್ನು ಅವರತ್ತ ತಳ್ಳಿದರು. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ಆ ದಿನ ಯಾರೂ ಕೇಳಲಿಲ್ಲ.

"ನನಗೆ ಇದು ಬೇಕು," ಎಂದರು ಮುಖ್ಯೋಪಾಧ್ಯಾಯಿನಿ. "ಇದನ್ನು ಸಮಿತಿಗೆ ಕಳಿಸುತ್ತೇನೆ. ಅವರ ಪಕ್ಕ ಕೂತಿದ್ದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಗುಟ್ಟಾಗಿ ಕೂತಿದ್ದೆ ಎಂದರಲ್ಲ, ಅದು ಸುಳ್ಳು. ಇಷ್ಟು ಜನರ ನಡುವೆ, ಮಟಮಟ ಮಧ್ಯಾಹ್ನ ಕೂತಿದ್ದೆ."

ಆದರೆ ಕಳಿಸುವುದೆಂದರೆ ನಿಯಮ ಮುರಿದಂತೆ. ಮ್ಜೀ ನ್ಯಾಯಾಧೀಶರ ಗತ್ತಿನಲ್ಲಿ ನೆಟ್ಟಗೆ ಕೂತು, ಫೋಟೋದಲ್ಲಿರುವ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು ಎಂದರು. ಸಂಘದ ಕಾರ್ಯದರ್ಶಿ ಮೂಲೆಯಲ್ಲಿ ನಿಂತು, ಪಂಕ್ತಿಯಲ್ಲಿ ಕಂಡ ಒಂದೊಂದು ಮನೆಗೂ ಫೋನ್ ಮಾಡಿ, ನಡೆದದ್ದನ್ನು ವಿವರಿಸಿ ಕೇಳತೊಡಗಿದರು. ಬೇಡ ಎಂದ ಒಂದು ಮನೆಯ ಮಕ್ಕಳ ಮುಖವನ್ನು ಮಸುಕು ಮಾಡಿಸಿದೆವು. ಉಳಿದದ್ದು ಕರ್ನಲ್ ಒಬ್ಬರೇ.

ಅವರು ಚೌಕಟ್ಟನ್ನು ಎದುರಿಗಿಟ್ಟುಕೊಂಡು ನೋಡುತ್ತಿದ್ದರು. ಅರ್ಧ ಫೋಟೋದಲ್ಲಿ ಅವರದು ಗುಟ್ಟು ಹೇಳುವ ಅಧಿಕಾರಿಯ ಮುಖ. ಪೂರ್ತಿ ಫೋಟೋದಲ್ಲಿ ಮೂಗು ಕೆಂಪಾಗಿ, ಶತ್ರುವಿನ ಕೈಯಿಂದ ಮಜ್ಜಿಗೆಗೆ ಬಾಯಿ ಒಡ್ಡಿದ ಮುದುಕ.

"ಇದು ನನ್ನ ಊರಿಗೂ ಹೋಗುತ್ತದೆ," ಎಂದರು. "ನನ್ನ ಜೊತೆ ಸೇವೆ ಮಾಡಿದವರು ನೋಡುತ್ತಾರೆ. ನನ್ನ ಮಗನೂ ನೋಡುತ್ತಾನೆ." ಆಮೇಲೆ, "ಕಳಿಸಿ," ಎಂದರು.

ಸಂಜೆಗೆ ಮುಂಚೆ ನಿರ್ಣಯಗಳಿಗೆ ಎಲ್ಲರ ಕೈಯೂ ಎದ್ದಿತು. ಕರ್ನಲ್ ಅವರ ಎರಡನೇ ಫೋನಿನ ಆಚೆ ಇದ್ದವರು ಯಾರೆಂದು ನಾನು ಕೇಳಲಿಲ್ಲ. ಫೇಸ್‌ಬುಕ್ಕಿನಿಂದ ಆ ಫೋಟೋ ಎತ್ತಿ, ಲೋಟವನ್ನು ಕತ್ತರಿಸಿ, ಅರಬ್ಬಿಯ ಎರಡು ಸಾಲು ಹಾಕಿದವರು ಯಾರೆಂಬುದು ಇವತ್ತಿಗೂ ಗೊತ್ತಿಲ್ಲ. ಹಗಲನ್ನು ರಾತ್ರಿ ಮಾಡಿದ ಆ ಕೈ ಯಾವುದಿರಬಹುದು ಎಂದು ಈಗಲೂ ಯೋಚಿಸುತ್ತೇನೆ.

ಮುಖ್ಯೋಪಾಧ್ಯಾಯಿನಿಯ ಫೋನು ಬಂದದ್ದು ಅವರು ಊರು ಸೇರಿ ಕೆಲವು ವಾರಗಳಾದ ಮೇಲೆ. ಸಮಿತಿಯಲ್ಲಿ ಮೊದಲು ಕೂಗಾಟವಾಯಿತಂತೆ. ಫೋಟೋ ಕೈಯಿಂದ ಕೈಗೆ ಹೋಗುತ್ತಾ ಹಿರಿಯರೊಬ್ಬರು, ಒಂದು ಮೆಣಸಿನಕಾಯಿಗೆ ಹೀಗಾದನೇ ಎಂದು ಕೇಳಿದರಂತೆ. ಅಲ್ಲಿಂದ ಸ್ವಲ್ಪ ಸಡಿಲವಾಯಿತು. ಶಾಲೆ ಅವರಿಗೆ ಉಳಿಯಿತು, ಆದರೆ ಟ್ರಸ್ಟ್ ಬಿಡಬೇಕೆಂಬ ಷರತ್ತಿನ ಮೇಲೆ.

"ನೀವು ಒಪ್ಪಿದಿರಾ?"

"ಮಕ್ಕಳನ್ನು ಬಿಟ್ಟು ಶಾಂತಿ ಮಾಡುವುದು ನನಗೆ ಬರುವುದಿಲ್ಲ," ಎಂದರು. ತಮ್ಮ ಜಾಗಕ್ಕೆ ಇನ್ನೊಬ್ಬರ ಹೆಸರು ಸೂಚಿಸಿ ಫೋನಿಟ್ಟರು.

ಮುಂದಿನ ವರ್ಷ ಆ ಜಾಗಕ್ಕೆ ಬಂದವಳು ಒಬ್ಬ ತರುಣಿ, ಬೇರೆ ಊರಿನ ಗಣಿತದ ಶಿಕ್ಷಕಿ. ಮಾತು ಕಡಿಮೆ. ಮೊದಲ ದಿನ ಸಭೆಯಲ್ಲಿ ಕರ್ನಲ್ ಕೈ ನೀಡಿದರೆ ತಲೆ ಅಲ್ಲಾಡಿಸಿದಳು, ಕೈ ಕೊಡಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಇವಳನ್ನು ನಿಜಕ್ಕೂ ಯಾರು ಕಳಿಸಿದ್ದಾರೋ ಎಂದುಕೊಂಡೆ. ಅವಳ ಮೇಲೆ ಒಂದು ಕಣ್ಣಿಟ್ಟೇ ಇದ್ದೆ.

ಆ ಭಾನುವಾರವೂ ಸಂಘದ ಊಟ. ಹೋಗಲೇಬೇಕೆಂದು ಹಟ ಹಿಡಿದವರು ಕರ್ನಲ್. ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ಹರಿವಾಣ ಹಿಡಿದು ನಿಂತಿದ್ದರು. ಫೋನುಗಳ ನಡುವೆ ಸಂಘದ ಕ್ಯಾಮೆರಾವೂ ಮಲಗಿತ್ತು. "ನೋಡ್ಕೊಳ್ಳಿ ಅಕ್ಕಾ, ಬ್ಯಾಟರಿನೂ ತೆಗೆದಿಟ್ಟಿದೀನಿ," ಎಂದರು. ನಾನು ಬ್ಯಾಟರಿಯ ಜಾಗ ತೆರೆದು ನೋಡಿಯೇ ಒಳಗೆ ಹೋದೆ.

ಎಲೆ ಹಾಕಿದರು. ತರುಣಿ ಕರ್ನಲ್ ಪಕ್ಕ ಕೂರಬೇಕಾಗಿ ಬಂತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂದವು. ಬಾಳಕದ ಮೆಣಸಿನಕಾಯಿ ಬಂತು. ಕರ್ನಲ್ ಅದನ್ನು ಎತ್ತಿ ಹಿಡಿದು, ಏನೋ ನೆನಪಾದವರ ಹಾಗೆ ನೋಡುತ್ತಿದ್ದರು.

ತರುಣಿ ಕೈ ಚಾಚಿ ಅವರ ಬೆರಳಿನಿಂದ ಅದನ್ನು ತೆಗೆದುಕೊಂಡು ತನ್ನ ಎಲೆಯ ತುದಿಗಿಟ್ಟಳು. ತನ್ನ ಮಜ್ಜಿಗೆಯ ಲೋಟವನ್ನು ಅವರ ಎಲೆಯ ಬಳಿಗೆ ಸರಿಸಿದಳು.

"ಹೆಡ್ ಮೇಡಂ ಹೇಳಿ ಕಳಿಸಿದ್ದಾರೆ," ಎಂದಳು.